ಅವರಿಗೆ ಬೇಕಾದದ್ದು ಹಿಂದೆ ದನಿಗೂಡಿಸುವವರು

ಮನೆಗೆಲಸಕ್ಕೆ ಬರುವವರು ಪಾತ್ರೆ ತೊಳೆಯುತ್ತ ಹಳೆಯ ತುಳು ಹಾಡು ಹೇಳುವುದನ್ನು ಕೇಳಿ ಬೆರಗಾದಿರೆಂದು ಬರೆದಿದ್ದೀರಿ. ಮೊಬೈಲಿನಲ್ಲಿ ಚಿತ್ರೀಕರಿಸಿ ಹಾಕಿದರೆ ಅವರಿಗೆ ಒಳ್ಳೆಯದಾದೀತೇ ಎಂದು ಕೇಳಿದ್ದೀರಿ. ನಾನಾದರೆ ಮೊಬೈಲ್ ಬದಿಗಿಟ್ಟು, ಮೊದಲು ಅವರ ಜೊತೆ ಕೂತು ಹಾಡಿ ಎನ್ನುತ್ತೇನೆ.

ನಮ್ಮ ಮನೆ ಉಡುಪಿಯ ಸಂತೆಕಟ್ಟೆಯ ಹತ್ತಿರ. ನಮ್ಮಲ್ಲಿಗೆ ಬರುವ ಅಕ್ಕನಿಗೆ ಅರುವತ್ತು ದಾಟಿದೆ. ಒಂದು ಸಂಜೆ ಮಗಳು ಸಂಗೀತಾಭ್ಯಾಸ ಮುಗಿಸಿ ಎದ್ದಳು, ಶ್ರುತಿ ಮಾತ್ರ ನಡೆಯುತ್ತಲೇ ಇತ್ತು. ಆ ಷಡ್ಜಕ್ಕೆ ಕೂದಲೆಳೆಯಷ್ಟೂ ತಪ್ಪದೆ ಅಡುಗೆಮನೆಯಿಂದ ಒಂದು ದನಿ ಎದ್ದಿತು. ಸಾಲಿನ ಕೊನೆಗೆ ‘ಓ ಬೇಲೆ’ ಎಂಬ ಎಳೆತ. ಅಕ್ಕ ಹೆರೆಮಣೆಯ ಮೇಲೆ ಕೂತು ಕಾಯಿ ಹೆರೆಯುತ್ತಿದ್ದರು. ಕೈಯ ಓಟವೇ ತಾಳ. ಕಡಿ ತಿರುಗಿಸಲು ಕೈ ನಿಂತಾಗ ಮಾತ್ರ ಉಸಿರು. ಗಂಟಲನ್ನು ಎಲ್ಲಿಯೂ ಬಿಗಿಹಿಡಿಯದ, ಗದ್ದೆಯಾಚೆಯ ಹುಣಿಯಲ್ಲಿ, ಅಂದರೆ ಬದುವಿನಲ್ಲಿ, ಇರುವವರಿಗೂ ಕೇಳಲೆಂದು ಬೆಳೆದ ದನಿ ಅದು.

ಇನ್ನೊಂದು ಹಾಡಿ ಎಂದರೆ ಒಪ್ಪಲಿಲ್ಲ. ನಾಚಿಕೆಯಿಂದಲ್ಲ. “ಒಬ್ಬಳೇ ಹೇಗೆ ಹೇಳುವುದಮ್ಮಾ, ಹಿಂದೆ ಹೇಳುವವರು ಬೇಡವೇ?” ಎಂದರು. ಓಬೇಲೆ ಎಂದರೆ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗಿನ ಹಾಡು. ಒಬ್ಬರು ಎತ್ತಿಕೊಡಬೇಕು, ಜೊತೆಯಲ್ಲಿ ಬಗ್ಗಿ ನೆಡುವ ಉಳಿದವರು ಅದನ್ನು ಹಿಡಿಯಬೇಕು. ಅಷ್ಟು ಹೊತ್ತಿನಲ್ಲಿ ಎತ್ತಿಕೊಡುವವರು ಉಸಿರು ಸುಧಾರಿಸಿಕೊಂಡು ಮುಂದಿನ ಸಾಲು ನೆನೆಯುತ್ತಾರೆ. ಅಕ್ಕ ನೆಡುತ್ತಿದ್ದ ಏಣಿಲು (ಮಳೆಗಾಲದ ಬೆಳೆಯ) ಗದ್ದೆಗಳು ನಿವೇಶನಗಳಾದವು, ಉಳಿದೆಡೆ ನಾಟಿ ಯಂತ್ರ ಇಳಿಯಿತು, ಜೊತೆಗಾತಿಯರು ಗೇರುಬೀಜದ ಕಾರ್ಖಾನೆಗೋ ಮನೆಗೆಲಸಕ್ಕೋ ಚದುರಿದರು. ಹಾಡು ನಿಂತದ್ದು ಹಾಗೆ. ಒಂದು ಕಾಲಕ್ಕೆ ಇಡೀ ಬಯಲಿಗೆ ಪರಿಚಯವಿದ್ದ ದನಿಯನ್ನು ನಾವು ‘ಅಡಗಿದ ಪ್ರತಿಭೆ’ ಎನ್ನಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಗಳೂ ನಾನೂ ಹಿಂದೆ ಹಿಡಿಯಲು ಕಲಿತೆವು. ಎಲ್ಲಿ ಸೇರಬೇಕೆಂದು ಅವರು ಗಲ್ಲ ಎತ್ತಿ ತೋರಿಸುತ್ತಾರೆ. ಮಗಳು ಅಭ್ಯಾಸಬಲದಿಂದ ಸ್ವರ ಅಲುಗಿಸಿದರೆ “ಬೇಡ ಮಗಳೇ, ನೇರ ಬಿಡು” ಎನ್ನುತ್ತಾರೆ. ಸಂಗೀತದಲ್ಲಿ ಅವಳಿಗೆ ಈಗ ಇಬ್ಬರು ಗುರುಗಳು. ಮರೆತೇಹೋಯಿತು ಎನ್ನುತ್ತಿದ್ದ ಹಾಡುಗಳು, ನಾವು ದನಿಗೂಡಿಸತೊಡಗಿದ ಮೇಲೆ ಒಂದರ ಹಿಂದೊಂದು ಬಂದವು. ಪಾಡ್ದನ ಎಂದರೆ ತುಳುವಿನಲ್ಲಿ ಕಥೆ ಹೇಳುವ ಹಾಡು; ಅರ್ಧ ಗಂಟೆ ಮೀರುವ ಅಂಥ ಒಂದು ಕಥೆಯೂ ಬಂತು.

ಪಾಡ್ದನ ಎಷ್ಟು ದೊಡ್ಡದಿರಬಹುದು ಗೊತ್ತೇ? 1990ರಲ್ಲಿ ಮಾಚಾರು ಗೋಪಾಲ ನಾಯ್ಕರು ಸಿರಿ ಎಂಬ ಹೆಣ್ಣಿನ ಕಥೆಯಾದ ಸಿರಿ ಪಾಡ್ದನವನ್ನು ದಿನಗಟ್ಟಲೆ ಹೇಳಿದರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ಇಲ್ಲಿನ ಜಾನಪದ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರೊಡನೆ ಅದನ್ನು ದಾಖಲಿಸಿದಾಗ 15,683 ಸಾಲುಗಳಾದವು. ಗೋಪಾಲ ನಾಯ್ಕರು ಬೇಸಾಯ ಮಾಡಿಕೊಂಡಿದ್ದವರು. ಇಂಥ ಹಾಡಿಕೆಯಿಂದ ಒಂದು ನಿಮಿಷ ಕತ್ತರಿಸಿ, ‘ಕೆಲಸದಾಕೆಯ ಅದ್ಭುತ ಕಂಠ’ ಎಂದು ತಲೆಬರಹ ಕೊಟ್ಟು ಹರಿಯಬಿಡುವುದನ್ನು ನಾನು ಒಪ್ಪಲಾರೆ.

ಧ್ವನಿಮುದ್ರಣವನ್ನು ಅವರೇ ಬಯಸಿದರೆ ಖಂಡಿತ ಮಾಡಿ. ಆದರೆ ಸಂಬಳ ಕೊಡುವವರು ಕೇಳಿದಾಗ ಬೇಡ ಎನ್ನುವುದು ಕಷ್ಟ. ಮನೆಯಲ್ಲಿ ಮಕ್ಕಳೊಡನೆ ಮಾತಾಡಿ ಬಂದು ಹೇಳಲಿ. ಆ ಹೊತ್ತಿಗೆ ಬೇರೆಯೇ ಸಂಭಾವನೆ ಕೊಡಿ. ಕಥೆಯನ್ನು ನಡುವೆ ಕತ್ತರಿಸಬೇಡಿ. ಹೆಸರು ಹಾಕಬೇಕೇ ಬೇಡವೇ ಎಂಬುದು ಅವರ ತೀರ್ಮಾನ. ದೈವಕ್ಕೆ ಸೇರಿದ್ದನ್ನು ಎಲ್ಲೆಂದರಲ್ಲಿ ಹೇಳಲು ಮನಸ್ಸಿಲ್ಲದಿದ್ದರೆ ಒತ್ತಾಯಿಸಬೇಡಿ. ನೆಂಟರು ಬಂದಾಗ ಕರೆದು ಹಾಡಿಸುವುದಂತೂ ಬೇಡವೇ ಬೇಡ. ಒಂದು ಪ್ರತಿ ಅವರ ಮಕ್ಕಳ ಮೊಬೈಲಿಗೆ ಹೋಗಲಿ. ಒಪ್ಪಿದರೆ, ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿರುವ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರದಲ್ಲಿ ವಿಚಾರಿಸಿ.

ಅದಕ್ಕಿಂತ ಮೊದಲು, ಅವರ ಜೊತೆ ನೇಜಿ ನೆಟ್ಟವರು ಯಾರಾದರೂ ಹತ್ತಿರದಲ್ಲಿದ್ದಾರೆಯೇ ಎಂದು ಕೇಳಿ. ನಮ್ಮ ಅಕ್ಕನ ಜೊತೆಗಾತಿಯೊಬ್ಬರು ಕಲ್ಯಾಣಪುರದಲ್ಲೇ ಸಿಕ್ಕಿದರು. ಭಾನುವಾರ ರಿಕ್ಷಾ ಬಾಡಿಗೆ ನೀವೇ ಕೊಟ್ಟು ಅಂಥವರನ್ನು ಊಟಕ್ಕೆ ಕರೆಸಿ.