ಮಣಿಕಟ್ಟು ನೋವಿಗೆ ಮೌಸ್ ಬಿಟ್ಟು ಟ್ರ್ಯಾಕ್‌ಬಾಲ್ ತಗೊಳ್ಳಬಹುದಾ? ಯಾವುದು ಆರಾಮ?

ನೀವು ಕೇಳಿರುವುದು ಇಷ್ಟು: ದಿನವಿಡೀ ಮೌಸ್ ಹಿಡಿದು ಬಲಗೈ ಮಣಿಕಟ್ಟು ನೋಯುತ್ತಿದೆ, ಮನೆಯಲ್ಲಿ ಮೇಜು ಚಿಕ್ಕದು, ಟ್ರ್ಯಾಕ್‌ಬಾಲ್‌ನಿಂದ ಆರಾಮ ಸಿಗುತ್ತದಾ, ಸಿಗುವುದಾದರೆ ಯಾವುದು ತಗೊಳ್ಳಲಿ?

ಸಿಗಬಹುದು. ಟ್ರ್ಯಾಕ್‌ಬಾಲ್ ಎಂದರೆ ಮೌಸ್‌ನಂತೆ ಎಳೆದಾಡದೆ, ಮೇಲಿರುವ ಚೆಂಡನ್ನು ಬೆರಳಲ್ಲಿ ಉರುಳಿಸಿ ಪರದೆಯ ಮೇಲಿನ ಬಾಣ ಸರಿಸುವ ಸಾಧನ. ಆದರೆ ನಿಮಗೆ ಹೊಂದದ್ದನ್ನು ತಗೊಂಡರೆ ಮಣಿಕಟ್ಟಿನ ನೋವು ಹೆಬ್ಬೆರಳಿಗೆ ವರ್ಗವಾಗುತ್ತದೆ, ಅಷ್ಟೇ. ನನಗೆ ಆಗಿದ್ದು ಅದೇ.

ನಾನು ರಾಜಾಜಿನಗರದಲ್ಲಿ ಡಿಟಿಪಿ ಮಾಡುತ್ತೇನೆ. ಕನ್ನಡ ಪುಸ್ತಕಗಳ ಪುಟ ಕಟ್ಟುವುದು, ಮದುವೆ ಸೀಸನ್‌ನಲ್ಲಿ ಲಗ್ನಪತ್ರಿಕೆ. ಒಂದು ಒತ್ತಕ್ಷರ ಮೇಲಿನ ಸಾಲಿಗೋ ಕೆಳಗಿನ ಸಾಲಿಗೋ ತಾಗಿದರೆ ಮೌಸ್ ಹಿಡಿದು ಕೂದಲೆಳೆಯಷ್ಟು ಸರಿಸಬೇಕು. ಹೀಗೆ ದಿನಕ್ಕೆ ಒಂಬತ್ತು ಗಂಟೆ. ಮಣಿಕಟ್ಟು ಹೋಯಿತು. ಯಾರೋ ಹೇಳಿದರು ಎಂದು ಹೆಬ್ಬೆರಳಿನಿಂದ ಚೆಂಡು ಉರುಳಿಸುವ ಟ್ರ್ಯಾಕ್‌ಬಾಲ್ ತಂದೆ. ಮೊದಲ ತಿಂಗಳು ಸ್ವರ್ಗ. ಮೂರನೇ ತಿಂಗಳಿಗೆ ಹೆಬ್ಬೆರಳಿನ ಬುಡದಲ್ಲಿ ನೋವು. ಅದರ ತಪ್ಪಲ್ಲ ಬಿಡಿ. ಹಗಲೆಲ್ಲ ಹೆಬ್ಬೆರಳಿನಲ್ಲಿ ಚೆಂಡು, ರಾತ್ರಿಯೆಲ್ಲ ಅದೇ ಹೆಬ್ಬೆರಳಿನಲ್ಲಿ ಫೋನ್. ಒಂದೇ ಕೀಲು ಎಷ್ಟು ದುಡಿಯಬೇಕು?

ಹಾಗಾಗಿ ಮೊದಲು ನೋಡಬೇಕಾದದ್ದು ಬ್ರ್ಯಾಂಡ್ ಅಲ್ಲ, ನಿಮ್ಮ ಕೈ. ಟ್ರ್ಯಾಕ್‌ಬಾಲ್‌ನಲ್ಲಿ ಎರಡು ಜಾತಿ. ಒಂದರಲ್ಲಿ ಚೆಂಡು ಪಕ್ಕದಲ್ಲಿರುತ್ತದೆ, ಹೆಬ್ಬೆರಳು ಉರುಳಿಸುತ್ತದೆ, ಉಳಿದ ಬೆರಳು ಮೌಸ್‌ನಂತೆಯೇ ಕ್ಲಿಕ್ ಮಾಡುತ್ತವೆ. ಲಾಜಿಟೆಕ್ ಎಂ575, ಎಂಎಕ್ಸ್ ಎರ್ಗೋ ಈ ಜಾತಿಯವು. ಚೆಂಡು 34 ಮಿ.ಮೀ., ನಿಂಬೆಹಣ್ಣಿಗಿಂತ ಸ್ವಲ್ಪ ಸಣ್ಣದು. ಬೇಗ ರೂಢಿಯಾಗುತ್ತದೆ. ಎಂಎಕ್ಸ್ ಎರ್ಗೋವನ್ನು 20 ಡಿಗ್ರಿ ವಾಲಿಸಿ ಇಟ್ಟುಕೊಳ್ಳಬಹುದು, ಅಂಗೈ ಪೂರ್ತಿ ಕೆಳಮುಖವಾಗಿ ತಿರುಚಿಕೊಳ್ಳುವುದು ತಪ್ಪುತ್ತದೆ. ಹೆಬ್ಬೆರಳು ಗಟ್ಟಿ, ಮಣಿಕಟ್ಟು ಮಾತ್ರ ತೊಂದರೆ ಎನ್ನುವವರು ಧೈರ್ಯವಾಗಿ ತಗೊಳ್ಳಿ.

ಇನ್ನೊಂದು ಜಾತಿಯಲ್ಲಿ ಚೆಂಡು ನಡುವೆ ಇರುತ್ತದೆ. ತೋರುಬೆರಳು, ನಡುಬೆರಳು ಸೇರಿ ಉರುಳಿಸುತ್ತವೆ, ಹೆಬ್ಬೆರಳಿಗೆ ಕ್ಲಿಕ್ ಕೆಲಸ ಮಾತ್ರ. ಕೆನ್ಸಿಂಗ್ಟನ್ ಎಕ್ಸ್‌ಪರ್ಟ್ ಮೌಸ್ ಇಂಥದ್ದು (ಹೆಸರಲ್ಲಿ ಮೌಸ್ ಇದೆ, ಮೌಸ್ ಅಲ್ಲ). ಚೆಂಡು 55 ಮಿ.ಮೀ., ಸುತ್ತಲಿನ ಉಂಗುರ ತಿರುಗಿಸಿದರೆ ಸ್ಕ್ರಾಲ್ ಆಗುತ್ತದೆ. ಅಷ್ಟು ದಪ್ಪ ಬೇಡ ಎಂದರೆ ಅದೇ ಕಂಪನಿಯ ಆರ್ಬಿಟ್ ಇದೆ, 40 ಮಿ.ಮೀ. ನಾನು ಈಗ ದೊಡ್ಡ ಚೆಂಡಿನದ್ದೇ ಬಳಸುತ್ತಿದ್ದೇನೆ. ಭಾರವಾದ ಚೆಂಡನ್ನು ಒಮ್ಮೆ ಜೋರಾಗಿ ತಳ್ಳಿದರೆ ಪರದೆಯ ಆ ತುದಿಗೆ ಹೋಗುತ್ತದೆ, ಬೆರಳ ತುದಿಯಲ್ಲಿ ಮುಟ್ಟಿದರೆ ಒತ್ತಕ್ಷರ ಒಂದು ಚೂರು ಮಾತ್ರ ಸರಿಯುತ್ತದೆ. ಎರಡೂ ಕಡೆ ಒಂದೇ ಆಕಾರ, ಎಡಗೈಗೂ ನಡೆಯುತ್ತದೆ. ನೋವು ಜಾಸ್ತಿಯಾದ ದಿನ ನಾನು ಕೈ ಬದಲಾಯಿಸುತ್ತೇನೆ.

ಕಷ್ಟ ಇರುವುದು ಎಳೆಯುವುದರಲ್ಲಿ. ಹೆಬ್ಬೆರಳಲ್ಲಿ ಬಟನ್ ಒತ್ತಿ ಹಿಡಿದು, ಬೆರಳಲ್ಲಿ ಚೆಂಡು ಉರುಳಿಸಿ ಒಂದು ಪ್ಯಾರಾ ಸೆಲೆಕ್ಟ್ ಮಾಡುವುದು ಮೊದಲ ಎರಡು ವಾರ ಶಿಕ್ಷೆ. ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ ಕ್ಲಿಕ್‌ಲಾಕ್ ಎಂಬುದನ್ನು ಆನ್ ಮಾಡಿಕೊಳ್ಳಿ, ಒತ್ತಿ ಹಿಡಿಯುವ ಕಷ್ಟ ತಪ್ಪುತ್ತದೆ. ಕೆಲಸದ ಒತ್ತಡ ಇರುವ ವಾರದಲ್ಲಿ ಮಾತ್ರ ಬದಲಾಯಿಸಬೇಡಿ.

ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ನೋಡಬೇಕು ಎಂದು ನಾನು ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಅರ್ಧ ದಿನ ಸುತ್ತಿದೆ. ಒಬ್ಬರು "ಬಾಲ್ ಮೌಸಾ? ಅದೆಲ್ಲ ಹಳೇದು ಸಾರ್, ಈಗ ಎಲ್ಲ ಆಪ್ಟಿಕಲ್" ಎಂದರು. ಅವರು ಹೇಳಿದ್ದು ಹೊಟ್ಟೆಯಲ್ಲಿ ರಬ್ಬರ್ ಉಂಡೆ ಇದ್ದ ಹಳೆಯ ಮೌಸ್. ಇವತ್ತಿನ ಟ್ರ್ಯಾಕ್‌ಬಾಲ್‌ನಲ್ಲೂ ಚೆಂಡಿನ ಚಲನೆ ಓದುವುದು ಆಪ್ಟಿಕಲ್ ಸೆನ್ಸರೇ. ಆದರೂ ಹಳೇದು ಎಂದದ್ದು ಸುಳ್ಳಲ್ಲ. 1946ರಲ್ಲೇ ಬ್ರಿಟನ್ನಿನ ನೌಕಾಪಡೆಗಾಗಿ ರಾಲ್ಫ್ ಬೆಂಜಮಿನ್ ಟ್ರ್ಯಾಕ್‌ಬಾಲ್ ಮಾಡಿದ್ದರು, ಎಂಗೆಲ್‌ಬಾರ್ಟ್ ಅವರ ಮೌಸ್ ಬಂದದ್ದು 1964ರಲ್ಲಿ. ಇರಲಿ. ಕೊನೆಗೆ ನಾನು ಸ್ನೇಹಿತರೊಬ್ಬರ ಆಫೀಸಿನಲ್ಲಿ ಒಂದು ವಾರಕ್ಕೆ ಎರವಲು ತಂದು ನೋಡಿದೆ. ಸಾಧ್ಯವಾದರೆ ನೀವೂ ಹಾಗೆ ಮಾಡಿ. ಆನ್‌ಲೈನ್‌ನಲ್ಲಾದರೆ ವಾಪಸ್ ಕೊಡಬಹುದಾ ಎಂದು ನೋಡಿಕೊಂಡು ತರಿಸಿ.

ಮೇಜು ಚಿಕ್ಕದು ಎಂದಿರಲ್ಲ, ಅದು ತೊಂದರೆಯೇ ಅಲ್ಲ. ಇದು ಇಟ್ಟ ಜಾಗದಲ್ಲೇ ಇರುತ್ತದೆ, ಪಕ್ಕದಲ್ಲಿ ಕಾಫಿ ಲೋಟ ಇಡಬಹುದು. ಮೇಜು ಎತ್ತರವಾಗಿದ್ದು ಮೊಣಕೈ ಮೇಲೆದ್ದಿದ್ದರೆ ಮಾತ್ರ ಯಾವ ಟ್ರ್ಯಾಕ್‌ಬಾಲೂ ಉಳಿಸುವುದಿಲ್ಲ, ಮೊದಲು ಕುರ್ಚಿ ಏರಿಸಿ. ಬೆರಳು ಜುಮ್ಮೆನ್ನುವುದು, ಮರಗಟ್ಟುವುದು ಇದ್ದರೆ ಸುಮ್ನೆ ದುಡ್ಡು ಹಾಕಬೇಡಿ, ಡಾಕ್ಟರಿಗೆ ತೋರಿಸಿ.

ಇನ್ನು ಧೂಳು. ನಮ್ಮ ಬೀದಿಯನ್ನು ವರ್ಷಕ್ಕೆ ಎರಡು ಸಲ ಅಗೆಯುತ್ತಾರೆ, ನಿಮ್ಮದೂ ಹಾಗೇ ಅಲ್ವಾ? ಚೆಂಡು ಕೂರುವ ಗುಣಿಯಲ್ಲಿ ಮೂರು ಪುಟ್ಟ ಮಣಿಗಳಿರುತ್ತವೆ, ಕೊಳೆಯೆಲ್ಲ ಅವುಗಳ ಮೇಲೇ ಕೂರುತ್ತದೆ. ಚೆಂಡು ತಡೆದು ತಡೆದು ಉರುಳತೊಡಗಿದರೆ ಹೊರತೆಗೆದು, ಕಿವಿ ಬಡ್ಸ್‌ನಿಂದ ಮಣಿ ಒರೆಸಿ. ಎಂ575 ಆದರೆ ಕೆಳಗಿನ ತೂತಿನಿಂದ ಪೆನ್ಸಿಲ್‌ನಲ್ಲಿ ತಳ್ಳಬೇಕು, ಎಕ್ಸ್‌ಪರ್ಟ್ ಮೌಸ್ ಆದರೆ ಬೋರಲು ಹಾಕಿದರೆ ಚೆಂಡು ತಾನೇ ಕೈಗೆ ಬೀಳುತ್ತದೆ. ತೀರಾ ಫಳಫಳ ಒರೆಸಿದ ದಿನ ಅದು ಸ್ವಲ್ಪ ಬಿಗಿ ಅನ್ನಿಸುತ್ತದೆ. ಅಂಗೈಯಲ್ಲಿ ಎರಡು ಸಲ ಹೊರಳಿಸಿ ಇಡಿ, ಕೈಯ ಜಿಡ್ಡು ತಾಗಿ ಸರಿಹೋಗುತ್ತದೆ.