‘ಇನ್ನೇನು ಹೊರಡ್ತಿದ್ದೆ’ಗೆ ಡಚ್‌ನಲ್ಲಿ ಏನಂತಾರೆ?

‘ಇನ್ನೇನು ಹೊರಡೋದ್ರಲ್ಲಿದ್ದೆ’ ಅನ್ನೋದನ್ನ ಡಚ್‌ನಲ್ಲಿ ಹೇಗೆ ಹೇಳ್ತಾರೆ, ‘ಒಪ್‌ಬೆಲ್ಲೆನ್’ (ಫೋನ್ ಮಾಡು) ವಾಕ್ಯದೊಳಗೆ ಹೋದ ಕೂಡಲೇ ಯಾಕೆ ಎರಡು ತುಂಡಾಗುತ್ತೆ ಅಂತ ಕೇಳಿದ್ರಿ. ನನ್ನನ್ನೂ ಇವೆರಡೂ ಒಟ್ಟಿಗೇ ಕಾಡಿದ್ವು. ಡಚ್ಚರ ‘ಗ’ ಗಂಟಲಿಂದ ಬರೋದ್ರಿಂದ ಇಲ್ಲಿ ‘ಖ’ ಅಂತ ಬರೀತೀನಿ.

ಪುಸ್ತಕದಲ್ಲಿ ಮೊದಲು ಸಿಗೋದು ‘ಒಪ್ ಹೆತ್ ಪುಂತ್ ಸ್ತಾನ್’. ‘ದೆ ತ್ರೇನ್ ಸ್ತಾತ್ ಒಪ್ ಹೆತ್ ಪುಂತ್ ತೆ ಫರ್‌ತ್ರೆಕ್ಕೆನ್’ ಅಂದ್ರೆ ರೈಲು ಇನ್ನೇನು ಹೊರಡುತ್ತೆ. ತಪ್ಪೇನಿಲ್ಲ, ಆದ್ರೆ ಮನೆಮಾತಿಗೆ ಸ್ವಲ್ಪ ಭಾರ. ದಿನಬಳಕೆಗೆ ‘ಝೋ’ ಸಾಕು: ‘ಇಕ್ ಬೆಲ್ ಯೆ ಝೋ ಒಪ್’, ಈಗಲೇ ಫೋನ್ ಮಾಡ್ತೀನಿ. ಕ್ರಿಯಾಪದ ವರ್ತಮಾನದಲ್ಲೇ ಇದೆ ನೋಡಿ. ಮೋಡ ಕವಿದು ಮಳೆ ಬರೋ ಹಾಗಿದ್ರೆ ‘ಹೆತ್ ಖಾತ್ ರೇಖೆನೆನ್’. ನಾವು ಅಡುಗೆಮನೆಯಿಂದ ‘ಬಂದೆ, ಬಂದೆ’ ಅಂತೀವಲ್ಲ, ಇನ್ನೂ ಎದ್ದೇ ಇರಲ್ಲ, ಆದ್ರೂ ಭೂತಕಾಲ! ಆ ಜಾಗದಲ್ಲಿ ಅವರು ‘ಇಕ್ ಕೊಮ್ ಎರಾನ್’ ಅಂತಾರೆ.

ಇನ್ನು ತುಂಡಾಗೋ ವಿಷಯ. ಮುಖ್ಯ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗಕ್ಕೆ ಬರುತ್ತೆ, ಅದರ ಮೊದಲ ತುಣುಕು ವಾಕ್ಯದ ಕೊನೆಗೆ ಹೋಗಿ ಕೂರುತ್ತೆ. ಹೊಸದರಲ್ಲಿ ಬಸ್ಸಲ್ಲಿ ‘ಇಲ್ಲಿ ಇಳೀತೀನಿ’ ಅನ್ನೋಕೆ ನಾನು ‘ಇಕ್ ಔತ್‌ಸ್ತಪ್ ಹೀರ್’ ಅಂದಿದ್ದೆ. ಪಕ್ಕದಲ್ಲಿದ್ದ ಅಜ್ಜಿ ನಗ್ತಾ ‘ಇಕ್ ಸ್ತಪ್ ಹೀರ್ ಔತ್’ ಅಂತ ತಿದ್ದಿದ್ರು. ‘ತೆ’ (ನಮ್ಮ ‘ಮಾಡೋಕೆ’ಯ ‘ಓಕೆ’ ಥರದ್ದು) ಬಂದ್ರೆ ಅದು ಎರಡು ತುಂಡಿನ ನಡುವೆ ನುಸುಳುತ್ತೆ. ಇದಕ್ಕೆ ಬಾಯಿಪಾಠ ಬೇಕಿಲ್ಲ. ರೈಲು, ಬಸ್ಸು ಇಳಿಯುವಾಗ ಕಾರ್ಡ್ ಮುಟ್ಟಿಸೋಕೆ ನೆನಪಿಸೋ ‘ಫರ್‌ಖೇತ್ ನೀತ್ ಔತ್ ತೆ ಚೆಕ್ಕೆನ್’ (ಚೆಕ್ ಔಟ್ ಮಾಡೋಕೆ ಮರೀಬೇಡಿ) ಅನ್ನೋ ಮಾತನ್ನ ಕಿವಿಗೆ ಹಾಕ್ಕೊಳ್ಳಿ. ಮುಗಿದ ಕೆಲಸ ಹೇಳೋಕೆ ಸೇರಿಸೋ ‘ಖೆ’ ಕೂಡ ಅದೇ ಜಾಗಕ್ಕೆ: ‘ಒಪ್‌ಖೆಬೆಲ್ತ್’. ಉಪವಾಕ್ಯದಲ್ಲಿ ಮಾತ್ರ ನಮಗೆ ಆರಾಮ. ‘ಆಲ್ಸ್ ಇಕ್ ಔತ್‌ಸ್ತಪ್’, ನಾನು ಇಳಿಯುವಾಗ: ಕ್ರಿಯಾಪದ ಇಡಿಯಾಗಿ ಕೊನೆಗೆ, ಕನ್ನಡದ ಹಾಗೇ.

ಯಾವುದು ತುಂಡಾಗುತ್ತೆ ಅಂತ ತಿಳಿಯೋಕೆ ಒತ್ತು ಕೇಳಿಸ್ಕೊಳ್ಳಿ. ಮೊದಲ ತುಣುಕಿನ ಮೇಲೆ ಒತ್ತು ಬಿದ್ರೆ ಬಿಡುತ್ತೆ. ‘ಫರ್‌ತ್ರೆಕ್ಕೆನ್’ನ ‘ಫರ್’ ಮೇಲೆ ಒತ್ತಿಲ್ಲ, ಅದು ಬಿಡಲ್ಲ. ‘ಫೋರ್‌ಕೋಮೆನ್’ ಅಂತೂ ಕಿತಾಪತಿ. ಒತ್ತು ‘ಫೋರ್’ ಮೇಲಿದ್ರೆ ‘ಸಂಭವಿಸು’, ಆಗ ‘ಹೆತ್ ಕೊಮ್ತ್ ಫೋರ್’. ಒತ್ತು ‘ಕೋ’ ಮೇಲಿದ್ರೆ ‘ತಡೆಗಟ್ಟು’, ಆಗ ತುಂಡಾಗಲ್ಲ. ಬರವಣಿಗೆಯಲ್ಲಿ ಎರಡೂ ಒಂದೇ.

ನಿಮ್ಮ ಮೂಲ ವಾಕ್ಯಕ್ಕೆ ಬರ್ತೀನಿ. ‘ಹೊರಡೋದ್ರಲ್ಲಿದ್ದೆ’, ‘ಫೋನ್ ಮಾಡೋಣ ಅಂತಿದ್ದೆ’ ಇವಕ್ಕೆ ಸರಿಹೊಂದೋದು ‘ವೌ ನೆತ್’ (‘ವೌ’ ಅಂದ್ರೆ ‘ಮಾಡೋಣ ಅಂತಿದ್ದೆ’, ‘ನೆತ್’ ಅಂದ್ರೆ ‘ಇದೀಗ’). ‘ಇಕ್ ವೌ ನೆತ್ ವೆಖ್‌ಖಾನ್’, ‘ಇಕ್ ವೌ ಯೆ ನೆತ್ ಒಪ್‌ಬೆಲ್ಲೆನ್’. ಇಲ್ಲಿ ಏನೂ ತುಂಡಾಗಲ್ಲ, ಯಾಕಂದ್ರೆ ಎರಡನೇ ಜಾಗವನ್ನ ‘ವೌ’ ಆಗಲೇ ಹಿಡಿದಿದೆ. ಮಾತಾಡುವಾಗ ಕೊನೆಯ ‘ನ್’ ಬಿಟ್ಟು ‘ಒಪ್‌ಬೆಲ್ಲೆ’ ಅನ್ನಿ, ಅಲ್ಲಿ ಬಹಳ ಜನ ಹಾಗೇ ಅನ್ನೋದು.