ಧಾರವಾಡದಾಗ ಇದ್ದೀವಿ. ಆರು ವರ್ಷದ ಮಗನಿಗೆ ತೀವ್ರ ಆಟಿಸಂ, ಮಾತಿಲ್ಲ. ಎಲ್ಲಿಂದ ಶುರು ಮಾಡೋದು?

ನನ್ನ ಮಗಳಿಗೂ ಹಂಗೇ ಅದ, ಈಗ ಹನ್ನೊಂದು ವರ್ಷ. ಮಾತು ಬರಲಿ ಅಂತ ಕಾಯಬ್ಯಾಡ್ರಿ, ಚಿತ್ರ ಕೊಟ್ಟು ಕೇಳೋದು ಕಲಿಸ್ರಿ. ನಮ್ಮ ಅಡಗಿಮನಿ ಗ್ವಾಡಿಗೆ ತಂಬಿಗಿ, ರೊಟ್ಟಿ, ಚಿಗರಿ ಬಸ್ಸಿನ ಫೋಟೋ ಅಂಟಿಸೀವಿ. ನೀರಡಿಸಿದ್ರ ಆಕಿ ತಂಬಿಗಿ ಫೋಟೋ ಕಿತ್ತು ನನ್ನ ಕೈಯಾಗ ಇಡ್ತಾಳ. ಇಷ್ಟಕ್ಕ ಎಂಟು ತಿಂಗಳು ಹಿಡೀತು, ಆದ್ರ ಕೈ ಕಚ್ಚಿಕೊಳ್ಳೋದು ಭಾಳ ಕಡಿಮಿ ಆತು. ಹಠ ಅಂತ ಹೊಡೀಬ್ಯಾಡ್ರಿ. ಕುಕ್ಕರ್ ಸೀಟಿ ಸುದ್ದಾ ಇಂಥ ಮಕ್ಕಳಿಗೆ ತಡಕೊಳ್ಳಲಾರದ ಸಂಕಟ ಆಗಬಹುದು.

ತಪಾಸಣೆಗೆ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರಿ ನಿಮ್ಮೂರಾಗ ಅದ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯೊಳಗ ಆಟಿಸಂ ಸೇರೇದ, ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸ್ರಿ. ನಿರಾಮಯ ಅನ್ನೋ ಕೇಂದ್ರ ಸರ್ಕಾರದ ಆರೋಗ್ಯ ವಿಮೆಗೂ ಅರ್ಜಿ ಹಾಕ್ರಿ, 1 ಲಕ್ಷದವರೆಗೆ ಅದ, ಥೆರಪಿ ಖರ್ಚಿಗೂ ಸ್ವಲ್ಪ ಸಿಗ್ತದ.